ಅಜ್ಜಿಯ ಕನಸಿಗೆ ಕಾದವರು

ಲುವಾ ಅಜ್ಜಿ ಬೆಳಿಗ್ಗೆ ಕಣ್ಣು ಬಿಡುವ ಹೊತ್ತಿಗೆ ಜಗಲಿಯ ಮೇಲೆ ನಾಲ್ಕೈದು ಜನ ಕಾದು ಕೂತಿರುತ್ತಿದ್ದರು. ಸೊಸೆ ಮಿಯೆನ್ ಅತ್ತೆಯ ಮುಖ ತೊಳೆಸಿ, ಬಿಸಿ ಗಂಜಿಗೆ ಈರುಳ್ಳಿ ಸೊಪ್ಪು ಉದುರಿಸಿ ಕೈಗೆ ಕೊಡುವವರೆಗೂ ಕಾಯುವ ತಾಳ್ಮೆ ಅವರಿಗಿರಲಿಲ್ಲ.

"ಅಜ್ಜಿ, ರಾತ್ರಿ ಯಾರು ಬಂದಿದ್ರು ಕನಸಲ್ಲಿ?"

"ನಾಯಿ ಬಂದಿತ್ತಪ್ಪ. ಬಿಳೀದು."

"ಬೊಗಳ್ತಾ, ಸುಮ್ನೆ ನಿಂತಿತ್ತಾ? ಸರಿಯಾಗಿ ನೆನಪಿಸ್ಕೊಳ್ಳಿ!"

ಬೊಗಳಿದರೆ ಒಂದು ಅಂಕಿ, ನಿಂತಿದ್ದರೆ ಇನ್ನೊಂದು. ಸರ್ಕಾರಿ ಲಾಟರಿಯ ಫಲಿತಾಂಶ ದಿನಾ ಸಂಜೆ ಬರುತ್ತದೆ. ಅದರ ಕೊನೆಯ ಎರಡು ಅಂಕಿಗಳ ಮೇಲೆ ಊರಿಗೆ ಊರೇ ಕದ್ದುಮುಚ್ಚಿ ಹಣ ಕಟ್ಟುತ್ತಿತ್ತು. ಕಟ್ಟಿಸಿಕೊಳ್ಳುವವಳು ಚಹಾದಂಗಡಿಯ ಟೋನ್. ಹಿಂದಿನ ವರ್ಷ ಅಜ್ಜಿ, ಸತ್ತ ಗಂಡ ಎರಡು ಗೊಂಚಲು ಮೀನು ಹಿಡಿದು ಬಂದ ಕನಸು ಹೇಳಿದ್ದಳು. ಮಗ ಖಿಯೆಮ್ ಅದನ್ನು ಅಂಕಿ ಮಾಡಿ ಆಡಿದ. ಗೆದ್ದ. ಅಮ್ಮನಿಗೊಂದು ದಪ್ಪ ಹತ್ತಿಯ ಕೋಟು ತಂದುಕೊಟ್ಟ. ಸುದ್ದಿ ಹಬ್ಬಲು ಅಷ್ಟು ಸಾಕಾಯಿತು.

ಖಿಯೆಮ್ ಕೆಟ್ಟವನಲ್ಲ. ಕುಡಿಯುವವನಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಚಾಪೆ ನೇಯಲು ಇಬ್ಬರು ಬೇಕು. ಅವನು ಮಗ್ಗದ ಹಲಗೆ ಒತ್ತುತ್ತಿದ್ದರೆ ಮಿಯೆನ್ ಪಕ್ಕದಲ್ಲಿ ಕೂತು ಜೊಂಡಿನ ಎಳೆ ತೂರಿಸುತ್ತಿದ್ದಳು. ಮಾತಿಲ್ಲದೆ ಒಬ್ಬರ ಕೈ ಇನ್ನೊಬ್ಬರ ಕೈಗೆ ಕಾಯುವ ಆ ಕೆಲಸದಲ್ಲೇ ಅವರ ಸಂಸಾರ ಬೆಳೆದಿತ್ತು. ಈಗ ಮಗ್ಗ ಇದ್ದ ಜಾಗ ಖಾಲಿ. ಅದನ್ನು ಮಾರಿ ಆಡಿದ್ದಾಗಿತ್ತು. ಅಲ್ಲಿಯ ಗೋಡೆಯ ತುಂಬ ಸೀಮೆಸುಣ್ಣದ ಅಂಕಿಗಳು, ಒಂದು ದಿನದ ಅಂಕಿಯಿಂದ ಇನ್ನೊಂದು ದಿನದ ಅಂಕಿಗೆ ಎಳೆದ ಓರೆ ಗೆರೆಗಳು. ಮುಂದೆ ಬೀಳುವ ಅಂಕಿಯನ್ನು ತೋರಿಸುತ್ತವೆಂದು ನಂಬಿದ್ದ ಆ ಗೆರೆಗಳಿಗೆ ಅವನು 'ಸೇತುವೆ' ಎನ್ನುತ್ತಿದ್ದ.

"ನಿನ್ನೆ ಬಿದ್ದ ಅಂಕಿಗೆ ನಾಳೆ ಬೀಳೋದು ಹೇಗ್ರೀ ಗೊತ್ತಿರುತ್ತೆ?" ಎಂದು ಮಿಯೆನ್ ಒಮ್ಮೆ ಮೆಲ್ಲಗೆ ಕೇಳಿದಳು. "ಡಬ್ಬೀಲಿ ತಿರುಗೋ ಚೆಂಡು ಅದು. ಅದಕ್ಕೆ ನೆನಪು ಇರುತ್ತಾ?"

"ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡು. ಸೇತುವೆ ಕೂಡಿದೆ. ಅಮ್ಮನ ಕನಸೂ ಕೂಡಿಬಂದ್ರೆ ಮುಗೀತು. ಮಗ್ಗ ಏನು, ಯಂತ್ರದ ಮಗ್ಗಾನೇ ತರ್ತೀನಿ ನಿಂಗೆ."

ಅವನು ಅದನ್ನು ಎಷ್ಟು ಪ್ರೀತಿಯಿಂದ ಹೇಳಿದನೆಂದರೆ ಅವಳಿಗೆ ಜಗಳವಾಡಲೂ ಮನಸ್ಸು ಬರಲಿಲ್ಲ.

ಆದರೆ ಅಜ್ಜಿಯ ಅಂಕಿಗಳು ಸಾಲಾಗಿ ಸೋತವು. ಬಾಳೆಹಣ್ಣು ತರುತ್ತಿದ್ದವರು ಬರಿಗೈಯಲ್ಲಿ ಬಂದರು. ಬಂದವರು ಮುಖ ಗಂಟಿಕ್ಕಿದರು. "ಅಜ್ಜಿಗೆ ಅರಳುಮರಳು. ಇವರನ್ನ ನಂಬಿ ನನ್ನ ಕೋಳಿ ಮಾರಿದ್ದೆ" ಎಂದು ಒಬ್ಬ ಅವಳ ಎದುರಿಗೇ ಅಂದ. ಅಜ್ಜಿ ನಗುತ್ತ, ತಪ್ಪು ಮಾಡಿದವಳಂತೆ ಎಲೆಯಡಿಕೆಯ ತಟ್ಟೆಯನ್ನು ಅವನತ್ತ ಸರಿಸಿದಳು.

ಅಂದು ತಲೆ ಬಾಚುವಾಗ ಮಿಯೆನ್ ಕೇಳಿದಳು: "ಅತ್ತೆ, ನಿಜ ಹೇಳಿ. ದಿನಾ ಕನಸು ಬೀಳುತ್ತಾ?"

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಎಲ್ಲಿ ಬೀಳುತ್ತಮ್ಮ? ನಿದ್ದೇನೇ ಬರಲ್ಲ. ಅಷ್ಟು ಆಸೆ ಇಟ್ಕೊಂಡು ಬರ್ತಾರೆ, ಬರಿಗೈಲಿ ಹೇಗೆ ಕಳಿಸ್ಲಿ? ಏನೋ ಒಂದು ಹೇಳ್ತೀನಿ."

ಮಿಯೆನ್ ಬಾಚಣಿಗೆ ಕೆಳಗಿಟ್ಟು ಜಗಲಿಗೆ ಹೋದಳು. "ನಾಳೆಯಿಂದ ಯಾರೂ ಬರಬೇಡಿ. ಅವರನ್ನ ಮಲಗೋಕೆ ಬಿಡಿ" ಎಂದಳು. ಜನ ಗೊಣಗುತ್ತ ಎದ್ದರು. ಖಿಯೆಮ್‌ಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅಮ್ಮನಿಗೆ ಕೇಳುವಂತೆಯೇ ಅಂದುಬಿಟ್ಟ: "ಅಪ್ಪನಾದ್ರೂ ಕನಸಲ್ಲಿ ಬಂದು ಒಂದು ಅಂಕಿ ಹೇಳಬಾರದಾ? ಸಾಯೋಕೆ ಮುಂಚೆ ನನ್ನ ಮೇಲೆ ಅಷ್ಟು ಪ್ರೀತಿ ಇತ್ತಲ್ಲ!"

ಮರುದಿನ ಮಧ್ಯಾಹ್ನ ತುಂತುರು ಹಿಡಿದಿತ್ತು. ಮಿಯೆನ್ ಸಂತೆ ಮುಗಿಸಿ ಬಂದಾಗ ಕತ್ತಲಾಗುತ್ತಿತ್ತು. ಖಿಯೆಮ್ ಫೋನಿನ ಮೇಲೆ ಬಾಗಿ ಕೂತಿದ್ದ.

"ಅತ್ತೆ ಎಲ್ಲಿ?"

"ಒಳಗೆ ಮಲಗಿರಬೇಕು. ತಡಿ, ಕೊನೇ ಬಹುಮಾನ ಬರ್ತಿದೆ."

ಮಂಚ ಖಾಲಿಯಿತ್ತು. ಹತ್ತಿಯ ಕೋಟು ಮೊಳೆಯಲ್ಲೇ ನೇತಾಡುತ್ತಿತ್ತು. ಅಜ್ಜಿ ಗದ್ದೆಯ ಕಡೆ ಹೋದದ್ದನ್ನು ಎಮ್ಮೆ ಕಾಯುವವನೊಬ್ಬ ನೋಡಿದ್ದ. ಗಂಡ ಹೆಂಡತಿ ಇಬ್ಬರೂ ಬದುವಿನ ಮೇಲೆ ಜಾರುತ್ತ, ಬೀಳುತ್ತ ಓಡಿದರು. ಗದ್ದೆಯ ನಡುವೆ ಖಿಯೆಮ್‌ನ ಅಪ್ಪನ ಸಮಾಧಿಯ ಪಕ್ಕ ಒಂದು ತುಂಡು ಚಾಪೆ ಹಾಸಿಕೊಂಡು ಅಜ್ಜಿ ಮಗುವಿನ ಹಾಗೆ ಮುದುಡಿ ಮಲಗಿದ್ದಳು. ತುಟಿ ನೀಲಿಗಟ್ಟಿತ್ತು.

ಖಿಯೆಮ್ ಎತ್ತಿಕೊಂಡ. ಅವನ ಕತ್ತಿನ ಹತ್ತಿರ ಅವಳ ದನಿ ಸಣ್ಣಗೆ ಕೇಳಿತು. "ನಿದ್ದೆ ಹತ್ತಲಿಲ್ಲ ಮಗಾ. ಚಳಿ. ಎಷ್ಟು ಕರೆದ್ರೂ ನಿಮ್ಮಪ್ಪ ಕನಸಿಗೆ ಬರಲಿಲ್ಲ. ಬೈಬೇಡ."

ದಾರಿಯುದ್ದಕ್ಕೂ ಅವನ ಹೆಗಲು ಅದುರುವುದು ಹಿಂದೆ ಬರುತ್ತಿದ್ದ ಮಿಯೆನ್‌ಗೆ ಕಾಣುತ್ತಿತ್ತು.

ಶ್ವಾಸಕೋಶಕ್ಕೆ ಶೀತ ಇಳಿದಿದೆ ಎಂದರು ಆಸ್ಪತ್ರೆಯಲ್ಲಿ. ಮರುದಿನ ಟೋನ್ ಫೋನ್ ಮಾಡಿದಳು. "ಹೇಗಿದ್ದಾರಪ್ಪ ಅಮ್ಮ? ಅಯ್ಯೋ ಪಾಪ. ಅದಿರಲಿ, ಮಂಚದ ನಂಬರ್ ಎಷ್ಟು? ಇಲ್ಲಿ ಎಲ್ಲಾ ಕೇಳ್ತಿದಾರೆ."

ಖಿಯೆಮ್ ಮಂಚದ ತಲೆಯ ಬಳಿ ಅಂಟಿಸಿದ್ದ ನಂಬರಿನ ತಗಡನ್ನು ನೋಡಿದ. ತಾನೂ ಬಂದ ಕೂಡಲೇ ಅದನ್ನೇ ನೋಡಿದ್ದನೆಂಬುದು ಅವನಿಗೆ ಆಗ ಹೊಳೆಯಿತು. ಫೋನ್ ಆಫ್ ಮಾಡಿ, ತನ್ನ ಅಂಗವಸ್ತ್ರವನ್ನು ಆ ತಗಡಿನ ಮೇಲೆ ಹೊದಿಸಿದ.

ಸಂಜೆಗೆ ಅಜ್ಜಿಗೆ ಎಚ್ಚರವಾಯಿತು. ಕಣ್ಣಲ್ಲಿ ಬೆಳಕಿತ್ತು. "ಬಿತ್ತು ಕಣೋ ಕನಸು! ಬೇಗ ಬರ್ಕೋ."

"ಬರ್ಕೊಳ್ಳಲ್ಲ ಅಮ್ಮ. ನೀನು ಹೇಳು, ನಾನು ಕೇಳ್ತೀನಿ."

ಅವಳು ಅನುಮಾನದಿಂದ ಅವನ ಮುಖ ನೋಡಿದಳು. ಆಮೇಲೆ ಹೇಳಿದಳು. ಅವನು ಪುಟ್ಟವನಾಗಿದ್ದ, ಮಗ್ಗದ ಕೆಳಗೆ ನಿದ್ದೆ ಹೋಗಿದ್ದ, ಎಲ್ಲಿ ಅವನಿಗೆ ಎಚ್ಚರವಾಗುತ್ತದೋ ಎಂದು ತಾನೂ ಅವನಪ್ಪನೂ ಹಲಗೆಯನ್ನು ಮೆಲ್ಲ ಮೆಲ್ಲಗೆ ಒತ್ತುತ್ತಿದ್ದರು, ಆ ಚಾಪೆ ಸಡಿಲವಾಗಿ, ಯಾರೂ ಕೊಳ್ಳದೆ ಮನೆಯಲ್ಲೇ ಉಳಿಯಿತು.

"ಇದಕ್ಕೆ ಯಾವ ಅಂಕಿ ಬರುತ್ತೋ?" ಎಂದಳು ಅಳುಕುತ್ತ.

"ಯಾವುದೂ ಬೇಡ. ಆ ಚಾಪೆ ಏನಾಯ್ತು, ಅದನ್ನ ಹೇಳು."

ಅವಳು ಹೇಳುತ್ತ ಹೋದಳು. ಫಲಿತಾಂಶದ ಹೊತ್ತು ಕಳೆದುಹೋದದ್ದನ್ನು ಮಿಯೆನ್ ಗಮನಿಸಿದಳು, ಅವನು ಗಮನಿಸಲಿಲ್ಲ.

ನಾಟಿ ಶುರುವಾಗುವ ಮೊದಲೇ ಲುವಾ ಅಜ್ಜಿ ತೀರಿಕೊಂಡಳು.

ಅಂಗಳದಲ್ಲಿ, ತೂಗುಹಾಕುವ ಶೋಕದ ಬಟ್ಟೆಯ ಮೇಲೆ ಸತ್ತವಳ ಹೆಸರು, ವಯಸ್ಸು ಬರೆಯಲು ಖಿಯೆಮ್‌ನ ದೊಡ್ಡಪ್ಪ ಕುಂಚ ಹಿಡಿದು ಕೂತಿದ್ದರು. ವಯಸ್ಸು ಬರೆಯುವ ಜಾಗಕ್ಕೆ ಬಂದಾಗ ಖಿಯೆಮ್ ಅವರ ಕೈ ಹಿಡಿದ.

"ವಯಸ್ಸು ಬೇಡ ದೊಡ್ಡಪ್ಪ."

"ಏನೋ ಇದು? ತುಂಬಿದ ಆಯುಸ್ಸು ಬರೆಯೋದು ಸತ್ತವರಿಗೆ ಮರ್ಯಾದೆ. ನಮ್ಮಪ್ಪ, ನಮ್ಮಜ್ಜ ಎಲ್ಲರಿಗೂ ಬರೆದಿದೆ."

"ಬರೆದ ತಕ್ಷಣ ಅದನ್ನ ಟೋನ್ ಅಕ್ಕನ ಅಂಗಡೀಲಿ ಆಡ್ತಾರೆ."

"ಆಡೋರು ಆಡ್ಲಿ ಬಿಡು. ನಾವೇನು ಮಾಡೋಕಾಗುತ್ತೆ?"

"ದೊಡ್ಡಮ್ಮ ಹೋದಾಗ ಅವರ ವಯಸ್ಸನ್ನ ನಾನು ಆಡಿದ್ದೆ. ಇದೇ ಅಂಗಳದಲ್ಲಿ ನಿಮ್ಮ ಪಕ್ಕ ಅಳ್ತಾ ನಿಂತಿದ್ದೆ, ನೆನಪಿದೆಯಾ? ಅಲ್ಲಿಂದ ಎದ್ದು ಹೋಗಿ ಆಡಿದೆ."

ದೊಡ್ಡಪ್ಪನ ಕುಂಚದಿಂದ ಮಸಿಯ ಒಂದು ಹನಿ ನೆಲಕ್ಕೆ ಬಿತ್ತು. ಅವರು ವಯಸ್ಸಿನ ಜಾಗ ಖಾಲಿ ಬಿಟ್ಟು ಕುಂಚ ತೊಳೆದಿಟ್ಟರು.

ಸಂಜೆ ಟೋನ್ ಊದುಬತ್ತಿ ಹಚ್ಚಿ, ಕಣ್ಣೊರೆಸಿಕೊಂಡು, ಬಟ್ಟೆಯನ್ನು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು. "ಅಜ್ಜಿಗೆ ಎಷ್ಟಾಗಿತ್ತು?" ಎಂದು ಮಿಯೆನ್‌ಳ ಕಿವಿಯಲ್ಲಿ ಕೇಳಿದಳು.

ಮಿಯೆನ್ ಅವಳಿಗೊಂದು ಲೋಟ ಚಹಾ ಕೊಟ್ಟು, ಗಂಡನ ಕಡೆ ಕೈ ತೋರಿಸಿದಳು. "ಕೂತ್ಕೊಳ್ಳಿ ಅಕ್ಕ. ಅತ್ತೆಯ ಕಥೆ ಹೇಳ್ತಿದಾರೆ."

ಖಿಯೆಮ್ ಹೇಳುತ್ತಿದ್ದ, ಯಾರೂ ಕೊಳ್ಳದ ಆ ಸಡಿಲ ಚಾಪೆಯ ಕಥೆ. ಫಲಿತಾಂಶದ ಹೊತ್ತಾಯಿತು. ಕೆಲವರು ಜೇಬಿನಲ್ಲಿದ್ದ ಫೋನ್ ಮುಟ್ಟಿ ನೋಡಿಕೊಂಡು ಮೆಲ್ಲಗೆ ಎದ್ದು ಹೋದರು. ಟೋನ್ ಕೂಡ ಎದ್ದಳು. ದೊಡ್ಡಪ್ಪ ಏಳಲಿಲ್ಲ. ಅಜ್ಜಿಯ ಅಂಕಿ ನಂಬಿ ಕೋಳಿ ಮಾರಿಕೊಂಡಿದ್ದವನು ಅರ್ಧ ಎದ್ದು, ಸುತ್ತ ನೋಡಿ, ಮತ್ತೆ ಕೂತ.

"ಆಮೇಲೆ?" ಎಂದು ಕೇಳಿದ.