ಲಾಳಿಗೆ ಮುತ್ತಿಲ್ಲ

ಮಗ್ಗದ ಮನೆಯ ಬೀಗದ ಕೈ ಯಾವಾಗಲೂ ದೊಡ್ಡಮ್ಮನ ಸೊಂಟದಲ್ಲೇ ಇರುತ್ತಿತ್ತು. ಹೊಲಗಳ ಅಂಚಿನಲ್ಲಿ ಉದ್ದಕ್ಕೆ ಮಲಗಿದಂತಿದ್ದ ಹೆಂಚಿನ ಕಟ್ಟಡ ಅದು. ಒಳಗೆ ಎರಡು ಸಾಲು ಮಗ್ಗ, ಹಿಂದೆ ನೂಲಿನ ಕೋಣೆ. ನೇಯುವವರೆಲ್ಲ ನೆಂಟರು, ಇಲ್ಲವೇ ನೆರೆಯವರು. ಆದರೆ ಹೊಸ್ತಿಲು ದಾಟಿದ ಮೇಲೆ ಎಲ್ಲರಿಗೂ ಅವಳು ದೊಡ್ಡಮ್ಮನೇ. ನಾದಿನಿಯೊಬ್ಬಳು ಮಾತ್ರ ‘ಅತ್ತಿಗೆ’ ಎನ್ನುತ್ತಿದ್ದಳು, ಅದನ್ನೂ ಕೆಣಕುವ ರಾಗದಲ್ಲಿ.

ಬಟ್ಟೆಯ ಹೊಳಪು, ಅಂಚಿನ ನೇರ, ಎಲ್ಲದರಲ್ಲೂ ದೊಡ್ಡಮ್ಮನ ಕೈ ಮೇಲು. ಆದರೆ ಸುತ್ತಿನ ಊರುಗಳವರು ಹೇಳುತ್ತಿದ್ದದ್ದು ಅವಳ ತುಟಿಯ ಮಾತು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗಿನ ನೂಲಿನ ಸುರುಳಿ, ಅಂದರೆ ಕಂಡಿಕೆ, ಮುಗಿದಾಗ ಹೊಸದನ್ನು ಕೂರಿಸಬೇಕು. ಅದರ ಎಳೆಯನ್ನು ಲಾಳಿಯ ಪಕ್ಕದ ಸಣ್ಣ ಕಣ್ಣಿನಿಂದ ಹೊರಗೆ ತರಬೇಕು. ಬೆರಳಿಗೆ ಜಗ್ಗದ ಕಣ್ಣು. ತುಟಿ ಹಚ್ಚಿ ಒಂದು ಸಲ ಉಸಿರು ಒಳಗೆಳೆದರೆ ಎಳೆ ಚುಯ್ಯೆಂದು ನಾಲಿಗೆಗೆ ಬರುತ್ತದೆ. ಅದಕ್ಕೆ ಆ ಮನೆಯಲ್ಲಿ ‘ಮುತ್ತು’ ಎಂದೇ ಹೆಸರು. ಹೊಸಬರು ಕೆನ್ನೆ ಗುಳಿಬೀಳುವ ಹಾಗೆ ಎಳೆದರೂ ಬರದ ನೂಲು ದೊಡ್ಡಮ್ಮನ ತುಟಿ ಸೋಕಿದರೆ ಸಾಕು, ಸಾಕಿದ ಬೆಕ್ಕಿನ ಹಾಗೆ ಬಂದುಬಿಡುತ್ತಿತ್ತು. ‘ದೊಡ್ಡಮ್ಮಾ, ಇದಕ್ಕೊಂದು ಮುತ್ತು’ ಎಂದು ಆ ಮಗ್ಗದಿಂದ ಈ ಮಗ್ಗದಿಂದ ಲಾಳಿಗಳು ಅವಳ ಹತ್ತಿರ ಬರುತ್ತಲೇ ಇದ್ದವು.

“ನಮ್ಮಣ್ಣನಿಗೂ ಇಷ್ಟು ಕೊಟ್ಟಿದ್ದಳೋ ಇಲ್ಲವೋ,” ಎಂದು ನಾದಿನಿ ನಗಿಸುತ್ತಿದ್ದಳು.

“ನಿಮ್ಮಣ್ಣ ಲಾಳಿಯಷ್ಟು ನಯವಾಗಿದ್ದಿದ್ದರೆ ಕೊಡ್ತಿದ್ದೆ ಬಿಡೆ,” ಎನ್ನುವಳು ದೊಡ್ಡಮ್ಮ.

ಆ ವರ್ಷ ಚಳಿ ಬೇಗ ಬಂತು, ಜೊತೆಗೆ ಜ್ವರವೂ ಬಂತು. ಫ್ಲೂ. ಹೊಳೆಯಾಚೆಯ ಮಗ್ಗದ ಮನೆಯಲ್ಲಿ ಒಬ್ಬರ ಹಿಂದೊಬ್ಬರು ಮಲಗಿ, ಕೊನೆಗೆ ಬಾಗಿಲೇ ಮುಚ್ಚಿತು. ನರ್ಸಮ್ಮ ಸೈಕಲ್ ಹತ್ತಿ ಬಂದು ಎಲ್ಲರಿಗೂ ಜ್ವರ ತಡೆಯುವ ಸೂಜಿ ಚುಚ್ಚಿದಳು. ದೊಡ್ಡಮ್ಮನ ಸೊಸೆಯ ಮುಂದೆ ಮಾತ್ರ ಸ್ವಲ್ಪ ಹೊತ್ತು ಹೆಚ್ಚಿಗೆ ಕೂತಳು. ಸೊಸೆ ಏಳು ತಿಂಗಳ ಬಸುರಿ. ಕಿಟಕಿಯ ಪಕ್ಕ ಕೂತು ಎಲ್ಲರಿಗೂ ಕಂಡಿಕೆ ಸುತ್ತಿಕೊಡುವುದು ಅವಳ ಕೆಲಸ.

“ಸೂಜಿ ನಾಟೋದಕ್ಕೆ ಎರಡು ವಾರ ಬೇಕು,” ಎಂದಳು ನರ್ಸಮ್ಮ, ದೊಡ್ಡಮ್ಮನ ಕಡೆ ತಿರುಗಿ. “ಅಲ್ಲೀತನಕ ಇವಳನ್ನ ಕಾಯೋದು ನಿಮ್ಮ ಪಾಲು. ಬಸುರಿಗೆ ಈ ಜ್ವರ ಬಂದರೆ ಸುಮ್ಮನೆ ಹೋಗಲ್ಲ.”

ಅಷ್ಟು ಸಾಕಾಯಿತು. ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡುವಾಗ ಒಂದೆಳೆಯೂ ತಪ್ಪದ ಹಾಗೆ ಹೇಗೆ ನೋಡುತ್ತಿದ್ದಳೋ ಹಾಗೆಯೇ ದೊಡ್ಡಮ್ಮ ಜ್ವರದ ದಾರಿಗಳನ್ನೂ ಹಿಡಿದು ಕೂತಳು. ಚಳಿ ಎಂದು ಯಾರು ಗೊಣಗಿದರೂ ಎರಡು ಬದಿಯ ಕಿಟಕಿ ತೆರೆದೇ ಇರಬೇಕು. ಬಾಗಿಲ ಬಳಿ ನೀರಿನ ತೊಟ್ಟಿ, ಸೋಪು. ಬೆರಳ ಸಂದಿಗೂ ನೊರೆ ಹೋಗದೆ ಒಳಗೆ ಪ್ರವೇಶವಿಲ್ಲ. ಕೆಮ್ಮು ಬಂದರೆ ಮೊಣಕೈಯೊಳಗೆ. ಮೂಗು ಉಜ್ಜಿಕೊಂಡ ಕೈ ನೂಲು ಮುಟ್ಟಕೂಡದು. ಮೈ ಬಿಸಿಯಾದವರು ಮನೆಯಲ್ಲೇ ಮಲಗಬೇಕು. ಮಾತ್ರೆಯ ಹಂಗಿಲ್ಲದೆ ಜ್ವರ ಇಳಿದು ಒಂದು ಇಡೀ ದಿನ ಕಳೆಯುವ ತನಕ ಇತ್ತ ತಲೆ ಹಾಕುವಂತಿಲ್ಲ.

“ಅತ್ತಿಗೆ, ಇದು ಮಗ್ಗದ ಮನೆಯೋ ಆಸ್ಪತ್ರೆಯೋ?”

“ಆಸ್ಪತ್ರೆಯಲ್ಲಿ ಇಷ್ಟು ಹರಟೆ ಹೊಡೆಯೋರನ್ನ ಇಟ್ಟುಕೊಳ್ಳಲ್ಲ. ಕೈ ತೋರಿಸು.”

ನಾದಿನಿ ಹಲ್ಲು ಕಚ್ಚಿ ಇನ್ನೊಮ್ಮೆ ತೊಟ್ಟಿಗೆ ಹೋಗುವಳು.

ಮೊದಲ ವಾರ ಎಲ್ಲರೂ ಗಟ್ಟಿಯಾಗೇ ಇದ್ದರು. ದೊಡ್ಡಮ್ಮನ ನಡಿಗೆಯೇ ಒಂದು ಸುತ್ತು ದೊಡ್ಡದಾಗಿತ್ತು. ಆಮೇಲೆ ಮೂರನೆಯ ಮಗ್ಗದ ಉದ್ದಣ್ಣ ಮಲಗಿದ. ತೊಲೆಗೆ ತಲೆ ತಾಗದ ಹಾಗೆ ಬಗ್ಗಿ ಓಡಾಡುವ ಆಸಾಮಿ, ಹಾಸಿಗೆಯಿಂದ ಕಾಲು ಹೊರಗೆ ಹಾಕಿಕೊಂಡು ನಡುಗುತ್ತಿದ್ದಾನೆಂದು ಸುದ್ದಿ ಬಂತು. ಎರಡೇ ದಿನಕ್ಕೆ ಅವನ ಎದುರು ಸಾಲಿನವಳೂ ಮಲಗಿದಳು. ಇಬ್ಬರೂ ಅಕ್ಕಪಕ್ಕದವರಲ್ಲ, ಒಟ್ಟಿಗೆ ಉಂಡವರಲ್ಲ. ದೊಡ್ಡಮ್ಮನಿಗೆ ಬುಡ ಹತ್ತಲಿಲ್ಲ. ಕಿಟಕಿ ತೆರೆದಿದೆ, ಸೋಪು ಸವೆಯುತ್ತಿದೆ. ಮತ್ತೆಲ್ಲಿಂದ ನುಗ್ಗಿತು ಇದು?

ಉದ್ದಣ್ಣನ ಮಗ್ಗ ನಿಂತಿದ್ದರೂ ಅವನ ಲಾಳಿ ನಿಂತಿರಲಿಲ್ಲ. ಖಾಲಿ ಮಗ್ಗದ ಲಾಳಿಯನ್ನು ಯಾರು ಬೇಕಾದರೂ ಎತ್ತಿಕೊಳ್ಳುವುದು ಅಲ್ಲಿಯ ವಾಡಿಕೆ. ಎದುರು ಸಾಲಿನವಳು ಅದನ್ನೇ ಎತ್ತಿಕೊಂಡು ನೇಯ್ದಿದ್ದಳು; ಅವಳೂ ಮಲಗಿದ ಮೇಲೆ ಅವಳ ಮಗ್ಗದ ಮೇಲೆ ಬಿದ್ದಿದ್ದ ಅದನ್ನು ಸೊಸೆ ಒಂದಿಷ್ಟು ನೇಯೋಣವೆಂದು ಎತ್ತಿಕೊಂಡಳು. ಹೊಸ ಕಂಡಿಕೆ ಕೂರಿಸಿದಳು. ಅತ್ತೆಯೇ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಲಾಳಿಯ ಕಣ್ಣನ್ನು ತುಟಿಯ ಹತ್ತಿರ ತಂದಳು.

“ಬೇಡಾ!”

ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ದೊಡ್ಡಮ್ಮ ಹಲಗೆಯಿಂದ ಎದ್ದ ರಭಸಕ್ಕೆ ಹಾಸಿನ ನಾಲ್ಕು ಎಳೆ ಕಿತ್ತುಹೋಗಿದ್ದವು. ತನ್ನ ಕೈಯಿಂದ ಎಳೆ ಕಿತ್ತದ್ದು ಯಾವ ಕಾಲದಲ್ಲೋ! ಸೊಸೆಯ ಕೈಯಿಂದ ಲಾಳಿ ಕಿತ್ತುಕೊಂಡು ಅದರ ಸವೆದು ಹೊಳೆಯುವ ಕಣ್ಣನ್ನೇ ನೋಡುತ್ತಾ ನಿಂತಳು. ಕೈ ತೊಳೆದಿದ್ದೆವು, ಮೂಗು ಕಾಯ್ದಿದ್ದೆವು, ಗಾಳಿ ಆಡಿಸಿದ್ದೆವು. ಎಲ್ಲರ ತುಟಿಯೂ ತಿರುಗಿ ತಿರುಗಿ ಇದೇ ಕಣ್ಣಿಗೆ! ಅದರಲ್ಲೂ ಎಲ್ಲರ ಲಾಳಿಗೂ ತುಟಿ ಕೊಟ್ಟವಳು ತಾನೇ. ಉದ್ದಣ್ಣ ಮಲಗುವ ಹಿಂದಿನ ದಿನವೂ ಇದೇ ಲಾಳಿಗೆ ಕೊಟ್ಟಿದ್ದಳು.

“ಏನಾಯ್ತು ಅತ್ತೆ?” ಸೊಸೆಯ ಮುಖ ಸಣ್ಣದಾಗಿತ್ತು.

“ನೀನು ಮನೆಗೆ ನಡಿ ಮಗಳೆ. ನಾನು ಬರಲ್ಲ, ಜ್ವರ ನನಗೂ ಹತ್ತಿರಬಹುದು.” ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಇವತ್ತಿನಿಂದ ಈ ಮನೆಯಲ್ಲಿ ಲಾಳಿಗೆ ಮುತ್ತಿಲ್ಲ.”

“ಅಯ್ಯೋ ಅತ್ತಿಗೆ!” ನಾದಿನಿ ಹಣೆ ಚಚ್ಚಿಕೊಂಡಳು. “ಮತ್ತೆ ಎಳೆ ಕರೆಯೋದು ಹೇಗೆ? ಶಿಳ್ಳೆ ಹೊಡೆದಾ?”

ದೊಡ್ಡಮ್ಮ ಆವತ್ತಿನಿಂದ ನೂಲಿನ ಕೋಣೆಯಲ್ಲೇ ಉಳಿದಳು. ಸೊಸೆ ಊಟ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ಅಂಗಳದಾಚೆಯ ತಮ್ಮ ಮನೆಯ ಜಗಲಿಯಲ್ಲಿ ಕೂರುವಳು. ಅತ್ತೆ ಒಳಗಿನಿಂದ, ಸೊಸೆ ಹೊರಗಿನಿಂದ, ನಡುವೆ ಇಡೀ ಅಂಗಳ ಬಿಟ್ಟುಕೊಂಡು ಮಾತಾಡುವರು.

“ಒದೀತಾ ಇದೆಯೇನೆ?”

“ನಿಮ್ಮ ದನಿ ಕೇಳಿದರೆ ಒದೆಯುತ್ತೆ ಅತ್ತೆ. ಹೆದರಿಕೊಂಡೋ ಏನೋ.”

“ಹೆದರಲಿ. ಒಳ್ಳೇದು.”

ಊಟ ಮುಗಿದ ಮೇಲೆ ದೊಡ್ಡಮ್ಮ ಒಂದು ಮುರಿದ ಕೊಡೆಯ ಕಡ್ಡಿ ಹಿಡಿದು ಕೂರುವಳು. ಅದನ್ನು ಹೊಸ್ತಿಲ ಕಲ್ಲಿಗೆ ಉಜ್ಜಿ ಉಜ್ಜಿ ಕೂದಲಿನಷ್ಟು ಸಣ್ಣಗೆ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ್ದಳು. ಕಣ್ಣಿನಿಂದ ಒಳಗೆ ತೂರಿಸಿ, ಎಳೆ ಸಿಕ್ಕಿಸಿ, ಹೊರಗೆ ಎಳೆಯಬೇಕು. ಹೇಳಿದಷ್ಟು ಸುಲಭವಲ್ಲ. ಕೊಕ್ಕೆ ಎಳೆಯನ್ನು ಬಿಟ್ಟು ಕಂಡಿಕೆಯನ್ನೇ ಹಿಡಿಯುತ್ತಿತ್ತು, ಇಲ್ಲವೇ ಎಳೆಯನ್ನೇ ಸೀಳುತ್ತಿತ್ತು. ಜೀವಮಾನವೆಲ್ಲ ಒಂದು ಉಸಿರಿಗೆ ಮಾಡಿದ್ದನ್ನು ಈಗ ನಾಲಿಗೆ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ ಹೊಸಬಳ ಹಾಗೆ ಒದ್ದಾಡಬೇಕು. ಯಾರೂ ನೋಡುತ್ತಿಲ್ಲವಲ್ಲ ಎಂದು ಎರಡು ಸಲ ಲಾಳಿ ತುಟಿಯ ಹತ್ತಿರಕ್ಕೂ ಹೋಯಿತು. ಅಂಗಳದಾಚೆ ಜಗಲಿಯಲ್ಲಿ ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟು ತೂಕಡಿಸುತ್ತಿದ್ದಳು. ಲಾಳಿ ಕೆಳಗಿಳಿಯಿತು.

ಅವಳ ಗಂಟಲು ಕೆರೆಯಲೂ ಇಲ್ಲ, ಮೈ ಬಿಸಿಯಾಗಲೂ ಇಲ್ಲ. ನರ್ಸಮ್ಮ ಬಂದು ‘ಇನ್ನು ಹೊರಗೆ ಬನ್ನಿ’ ಎಂದ ದಿನ ದೊಡ್ಡಮ್ಮ ಕೈಯಲ್ಲಿ ಕೊಡೆಕಡ್ಡಿಯ ಕಟ್ಟು ಹಿಡಿದೇ ಬಂದಳು. ಮಗ್ಗಕ್ಕೊಂದು ಕೊಕ್ಕೆ, ಕೊಕ್ಕೆಗೊಂದು ದಾರ, ಕಂಬಕ್ಕೊಂದು ಮೊಳೆ.

“ನಿಮ್ಮ ಕೊಕ್ಕೆ ಎಳೆ ತೆಗೆಯೋ ಹೊತ್ತಿಗೆ ನಾನು ಮಾರುದ್ದ ನೇಯ್ತೀನಿ,” ಎಂದಳು ನಾದಿನಿ.

“ಸರಿ. ನೀನು ಕಂಡಿಕೆ ಕೂರಿಸು, ನಾನೂ ಕೂರಿಸ್ತೀನಿ. ನೀನು ಮುತ್ತು ಕೊಡೋ ಹಾಗೆ ನಟನೆ ಮಾಡು ಸಾಕು, ತುಟಿ ಹಚ್ಚಬೇಡ.”

ನಾದಿನಿ ಲಾಳಿ ಎತ್ತಿ ಗಾಳಿಯಲ್ಲೇ ಚುಯ್ಯೆಂದಳು. ಅವಳ ತುಟಿ ಮತ್ತೆ ನೆಟ್ಟಗಾಗುವಷ್ಟರಲ್ಲಿ ದೊಡ್ಡಮ್ಮನ ಲಾಳಿ ಮಗ್ಗದ ಆ ಬದಿ ಮುಟ್ಟಿ ಈ ಬದಿಗೆ ವಾಪಸಾಗಿತ್ತು. ಮೈ ಹಗುರಾಗಿ ಆಗಷ್ಟೇ ಕೆಲಸಕ್ಕೆ ಬಂದಿದ್ದ ಉದ್ದಣ್ಣ ಚಪ್ಪಾಳೆ ಹೊಡೆಯಲು ಹೋಗಿ ತೊಲೆಗೆ ತಲೆ ತಗುಲಿಸಿಕೊಂಡ.

“ಇರಲಿ, ಒಂದು ಕೊಕ್ಕೆ ಕೊಡಿ ಇಲ್ಲಿ,” ಎಂದಳು ನಾದಿನಿ. “ಆದರೆ ನನ್ನದಕ್ಕೆ ಕೆಂಪು ದಾರ.”

ಆ ಚಳಿಗಾಲದಲ್ಲಿ ಮೂರನೆಯವರು ಮಲಗಲಿಲ್ಲ. ಹೊಳೆಯಾಚೆಯವರು ಬಾಗಿಲು ಮತ್ತೆ ತೆರೆಯುವ ಮೊದಲು ಕೊಕ್ಕೆ ನೋಡಿಕೊಂಡು ಹೋಗಲು ಬಂದರು. ದೊಡ್ಡಮ್ಮ ಅವರನ್ನು ಮೊದಲು ತೊಟ್ಟಿಗೆ ಕಳಿಸಿ, ಆಮೇಲೆ ತೋರಿಸಿದಳು. ತೋರಿಸುವಾಗ ಬೇಕೆಂದೇ ಒಂದಿಷ್ಟು ನಿಧಾನ ಮಾಡಿದಳು, ಎಲ್ಲರಿಗೂ ಕಾಣಲಿ ಎಂದು.

ದಿನ ತುಂಬಿ ಸೊಸೆ ಹೆಣ್ಣುಮಗು ಹೆತ್ತಳು. ಬೆಳಗಿನ ಬಿಸಿಲು ಮಂಚದ ಕಾಲಿಗೆ ಬಿದ್ದಿತ್ತು. ದೊಡ್ಡಮ್ಮ ಕೈ ತೊಳೆದು ಒರೆಸಿಕೊಂಡು ಮಗುವನ್ನು ತೋಳಿಗೆ ತೆಗೆದುಕೊಳ್ಳುವಷ್ಟರಲ್ಲಿ ಹೊರಗಿನಿಂದ ಕೂಗು ಕೇಳಿಸಿತು.

“ಅತ್ತಿಗೇ!”

ನಾದಿನಿ. ಹೊಸ ಸೀರೆಯುಟ್ಟು, ಕೈಯಲ್ಲಿ ತಾನೇ ನೇಯ್ದ ಪುಟ್ಟ ಹೊದಿಕೆ ಹಿಡಿದು, ಅಂಗಳದ ಗೇಟಿನ ಆಚೆಯೇ ನಿಂತಿದ್ದಳು.

“ಬಾರೇ ಒಳಗೆ! ಅಲ್ಲೇನು ಕಾವಲು ಕಾಯ್ತೀಯ?”

“ಬರಲ್ಲ! ರಾತ್ರಿಯಿಂದ ಮೂಗು ಸೋರ್ತಿದೆ. ಗೇಟಿಗೆ ಸಿಕ್ಕಿಸಿ ಹೋಗ್ತೀನಿ, ಒಗೆದು ಬಿಸಿಲಿಗೆ ಹಾಕಿ ಆಮೇಲೆ ಹೊದಿಸಿ.” ಹಾಗೆಂದವಳಿಗೆ ಸೀನು ಬಂತು. ಮುಖವನ್ನು ಮೊಣಕೈಯೊಳಗೆ ಹುದುಗಿಸಿ ಗಟ್ಟಿಯಾಗಿ ಸೀನಿದಳು. ತಲೆ ಎತ್ತಿ, ನೋಡಿದಿರಾ ಎನ್ನುವ ಹಾಗೆ ಅತ್ತಿಗೆಯ ಕಡೆ ನೋಡಿದಳು. “ಎತ್ತಿ ಹಿಡೀರಿ, ಇಲ್ಲಿಂದಲೇ ನೋಡ್ತೀನಿ. ಮೂಗು ಯಾರದ್ದು?”

ದೊಡ್ಡಮ್ಮ ಬಾಗಿಲಿಗೆ ಬಂದು ಮಗುವನ್ನು ಬಿಸಿಲಿಗೆ ಎತ್ತಿ ಹಿಡಿದಳು. ಎದೆ ತುಂಬಿ ಬಂದಿತ್ತು. ಅದು ಮೊಮ್ಮಗಳನ್ನು ಕಂಡ ಹಿಗ್ಗೋ, ಗೇಟಿನಾಚೆ ತಾನಾಗಿಯೇ ನಿಂತ ಆ ಹಟಮಾರಿಯನ್ನು ಕಂಡ ಹೆಮ್ಮೆಯೋ, ಅವಳಿಗೂ ಬೇರ್ಪಡಿಸಲಾಗಲಿಲ್ಲ.

“ನಿಂದೇ ಕಣೆ,” ಎಂದು ಕೂಗಿದಳು. “ಪಾಪ, ಏನು ಮಾಡೋದು!”