ಗಂಜಿ ಹಾಕಿದ ಪಟ್ಟಿ

ಕಂಬಳಿ ನೇಯುತ್ತಿದ್ದ ನಮ್ಮಪ್ಪ ಗೋವಿಂದಪ್ಪನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕಲ್ಯಾಣದುರ್ಗದ ಮನೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಮಾತಿಲ್ಲ, ಕೈಕಾಲು ಆಡುವುದಿಲ್ಲ. ನಾವಾಡುವುದು ಅವನಿಗೆ ತಿಳಿಯುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ.

ನಾನು ಹಿಂದೂಪುರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಿಸಾಡುವ ರೇಷ್ಮೆಗೂಡು ಕರಗಿಸಿ ತೆಳ್ಳನೆಯ ಪಟ್ಟಿ ಮಾಡುತ್ತೇವೆ. ಅದು ಬಾಗಿದರೆ ಚೂರು ಕರೆಂಟು ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ನೀರಿನಲ್ಲೋ ಮಣ್ಣಿನಲ್ಲೋ ಕರಗಿಹೋಗುತ್ತದೆ. ಹಿಡಿದ ಕೈಗೂ ಗೊತ್ತಾಗದಷ್ಟು ಅಲುಗಿದರೂ ಸಾಕು, ಅದಕ್ಕೆ ಸೇರಿಸಿದ ಪುಟ್ಟ ದೀಪ ಹತ್ತುತ್ತದೆ. ಅಂಥದೊಂದನ್ನು ಅಪ್ಪನ ತೋರುಬೆರಳಿಗೆ ಅಂಟಿಸಿದೆ.

"ಮಾತಾಡ್ತಾ ಇರಮ್ಮ. ಅಪ್ಪನಿಗೆ ತಿಳಿದ್ರೆ ಬೆರಳು ಅಲುಗ್ತದೆ, ದೀಪ ಹತ್ಕೊಳ್ತದೆ. ನೀರು ಮಾತ್ರ ತಾಕಿಸ್ಬೇಡ, ಕರಗೋಯ್ತದೆ" ಎಂದು ಅಮ್ಮ ಬೀರಕ್ಕನಿಗೆ ಹೇಳಿ ಬಸ್ಸು ಹತ್ತಿದೆ.

ಮೂರು ದಿನ ವಿಡಿಯೊ ಕಾಲ್‌ನಲ್ಲಿ ನೋಡಿದೆ. ದೀಪ ಹತ್ತಲಿಲ್ಲ. ನನಗೆ ರೇಗಿಹೋಯಿತು. "ಸಾಕು ಬಿಡಮ್ಮ. ಅಪ್ಪನಿಗೆ ಏನೂ ತಿಳಿಯಲ್ಲ. ಗೋಡೆ ಹತ್ರ ಮಾತಾಡ್ದಂಗೆ ಕಣಮ್ಮ" ಎಂದುಬಿಟ್ಟೆ. ಫೋನು ಅಪ್ಪನ ದಿಂಬಿನ ಪಕ್ಕದಲ್ಲೇ ಇತ್ತು.

ಭಾನುವಾರ ಪಟ್ಟಿ ಬಿಚ್ಚಿ ತರೋಣವೆಂದು ಹೋದೆ. ಮುಟ್ಟಿದರೆ ಹೊಸ ಕಂಬಳಿಯ ಹಾಗೆ ಗಡುಸಾಗಿತ್ತು.

"ಇದಕ್ಕೇನಮ್ಮ ಹಾಕಿದೀಯ?"

"ಬೆವರಿಗೆ ಕರಗೋದೀತು ಅಂತ ಹುಣಸೆಬೀಜದ ಗಟ್ಟಿ ಗಂಜಿ ಬಳಿದೆ ಕಣಮ್ಮ, ನೀನು ಹೋದ ದಿನಾನೇ. ನಿಮ್ಮಪ್ಪ ನೇಯ್ದ ಕಂಬ್ಳಿಗೆಲ್ಲ ನಾನೇ ಅಲ್ವಾ ಗಂಜಿ ಹಾಕ್ತಿದ್ದಿದ್ದು? ಒಂದಾದ್ರೂ ಕೆಟ್ಟಿದ್ದುಂಟಾ?"

ನಲವತ್ತು ವರ್ಷದ ಕಸುಬು, ಅವಳ ಕೈ ಸುಮ್ಮನಿದ್ದೀತೇ? ಗಂಜಿ ಒಣಗಿ ಪಟ್ಟಿ ಬಿರುಸಾಗಿತ್ತು; ಅಪ್ಪ ಬೆರಳಾಡಿಸಿದ್ದರೂ ಅದು ಬಾಗುವ ಹಾಗಿರಲಿಲ್ಲ. ಗಂಜಿ ಹಾಕಿದವಳು ಅಮ್ಮ, ತೀರ್ಪು ಕೊಟ್ಟವಳು ನಾನು.

ಒದ್ದೆ ಬಟ್ಟೆಯಿಂದ ಗಂಜಿ ಒರೆಸಿದೆ. ಪಟ್ಟಿ ಮೆತ್ತಗಾಯಿತು, ಅಂಚು ಆಗಲೇ ಕರಗತೊಡಗಿತು. ಅದರಿಂದ ಕೈ ತೆಗೆದು ಅಪ್ಪನ ಕಿವಿಯ ಹತ್ತಿರ ಬಗ್ಗಿದೆ.

"ಅಪ್ಪಾ, ನಾನು ಸುಷ್ಮಾ. ಮೊನ್ನೆ ಫೋನಲ್ಲಿ ನಾನು ಅಂದಿದ್ದು ಕೇಳಿಸ್ತಾ?"

ದೀಪ ಹತ್ತಿತು.

ಸಂತೋಷವಾಗಬೇಕಿತ್ತು. ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ತಪ್ಪಾಯ್ತಪ್ಪಾ" ಎಂದೆ. ದೀಪ ಇನ್ನೊಮ್ಮೆ ಹತ್ತಿತು. ಆಮೇಲೆ ಪಟ್ಟಿ ಅವನ ಬೆರಳ ಮೇಲೆ ಅಂಟಂಟಾಗಿ ಕರಗಿಹೋಯಿತು.

"ಇನ್ನೊಂದು ತತ್ತೀಯಾ?" ಎಂದಳು ಅಮ್ಮ.

"ನಾಳೇನೇ ತತ್ತೀನಿ."

ಅವಳು ನಾಳೆಗೆ ಕಾಯಲಿಲ್ಲ. ಮಂಚದ ಪಕ್ಕ ಕೂತು, "ಕೇಳಿಸ್ಕೊಂಡ್ಯಾ? ಹುಡ್ಗಿ ಏನೋ ಅಂದ್ಬುಟ್ಲು, ಮನಸ್ಸಿಗೆ ಹಾಕ್ಕೋಬೇಡ" ಎಂದು ಅವನ ಬೆರಳು ಒರೆಸತೊಡಗಿದಳು.