ಸಿಸ್ಟರ್ ನಂತೇಜ ಮತ್ತು ನಮಸ್ಕಾರಕ್ಕೆ ಮುಂಚಿನ ಮದ್ದು

ಮದುವೆಮನೆಯಿಂದ ಎಲ್ಲರೂ ಹೊಟ್ಟೆ ತುಂಬಿಸಿಕೊಂಡು ಹೊರಟರೆ ನರ್ಸ್ ನಂತೇಜ ಕೋಟಿನ ಜೇಬು ತುಂಬಿಸಿಕೊಂಡು ಹೊರಡುತ್ತಿದ್ದರು. ತುಂಬುತ್ತಿದ್ದುದು ಖಾಲಿಯಾದ ನೀರಿನ ಬಾಟಲಿ. ಗಂಡಸರ ಆ ಉದ್ದನೆಯ ಕೋಟನ್ನು ನಮ್ಮೂರು ಮಸಾಕದ ಸುಡುಬಿಸಿಲಿನಲ್ಲೂ ಕಳಚದೆ, ತುಸು ಎಡಕ್ಕೆ ವಾಲಿಕೊಂಡು, ಹೆಜ್ಜೆಹೆಜ್ಜೆಗೂ ಲಟಲಟ ಸದ್ದು ಮಾಡುತ್ತ ಬರುವ ಆ ಸ್ಥೂಲಕಾಯವನ್ನು ಕಂಡು ನಮ್ಮ ಶಾಲೆಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವರಲ್ಲಿ ಕೆಲವರಿಗೆ ಅಷ್ಟು ನಗುವ ಉಸಿರು ಕೊಟ್ಟವರೂ ಆಕೆಯೇ. ಕ್ಲಿನಿಕ್ಕಿನ ಹಿತ್ತಲಲ್ಲಿ ಕೂತು, ಕಾಯಿಸಿದ ತಂತಿಯಿಂದ ಬಾಟಲಿಯ ತಳಕ್ಕೆ ತೂತು ಕೊರೆದು, ಅಲ್ಲಿಗೆ ಇನ್ಹೇಲರ್ ಸಿಕ್ಕಿಸಿ, ಎಳೆಯ ಮಕ್ಕಳೂ ಬಾಟಲಿಯ ಬಾಯಿಂದ ಔಷಧಿಯನ್ನು ನಿಧಾನವಾಗಿ ಎಳೆದುಕೊಳ್ಳುವಂತೆ ಮಾಡುವುದು ಅವರ ನಿತ್ಯದ ಕಾಯಕವಾಗಿತ್ತು.

ನಕ್ಕಾಜಿ ನಾನು ಪಾಠ ಹೇಳುವ ತರಗತಿಯ ಹುಡುಗಿ. ಉಬ್ಬಸ ಕೆರಳಿ, ತುಟಿ ನೀಲಿಗಟ್ಟಿ, ಎರಡು ಸಲ ಸಾವಿನ ಬಾಗಿಲು ತಟ್ಟಿ ಬಂದವಳು. ಮೂರನೆಯ ಸಲ ಉಳಿಯುತ್ತಾಳೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ದಿನವೂ ಸೇದಬೇಕಾದ ಔಷಧಿಯನ್ನು ಅವಳ ಅಜ್ಜಿ ನಮಾತೋವು ಅಮೂಲ್ಯ ವಸ್ತುವೆಂದು ನಾರುಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು. ಸಿಸ್ಟರ್ ಮನೆಗೇ ಹೊರಟರು. ನಾನೂ ಜೊತೆಗೆ ಹೋದೆ.

"ಮಗು ಓಡಾಡ್ಕೊಂಡು ಚೆನ್ನಾಗೇ ಇದೆಯಲ್ಲೇ. ಚೆನ್ನಾಗಿರೋರಿಗೆ ಯಾರಾದ್ರೂ ಮದ್ದು ಕೊಡ್ತಾರಾ?" ಎಂದಳು ಅಜ್ಜಿ.

"ಚೆನ್ನಾಗಿರ್ಲಿ ಅಂತಾನೇ ಕೊಡೋದು ಅಜ್ಜಿ!"

"ದಿನಾ ಕೊಟ್ರೆ ಚಟ ಹತ್ಕೊಳ್ಳುತ್ತೆ. ಆಮೇಲೆ ಇವಳನ್ನ ಕಟ್ಕೊಳ್ಳೋರು ಯಾರು, ನೀನಾ?"

ಸಿಸ್ಟರ್ ಗಹಗಹಿಸಿ ನಕ್ಕು, ವಾದವನ್ನು ಅಲ್ಲಿಗೇ ಬಿಟ್ಟು, ಅಜ್ಜಿಯ ಪಕ್ಕ ಬಾಳೆಕಾಯಿ ಸುಲಿಯುತ್ತ ಕೂತರು. ನಮ್ಮ ಕಡೆ ಮಕ್ಕಳು ಬೆಳಗ್ಗೆ ಸಂಜೆ ಹಿರಿಯರ ಮುಂದೆ ಮಂಡಿಯೂರಿ ನಮಸ್ಕಾರ ಹೇಳುವುದು ರೂಢಿ. ಸ್ವಲ್ಪ ಹೊತ್ತಿನ ಮೇಲೆ ಸಿಸ್ಟರ್ ಮೆಲ್ಲಗೆ ಕೇಳಿದರು: "ಬೆಳಗ್ಗೆ ಎದ್ದು ಇವಳು ಮಂಡಿಯೂರಿ ನಿಮಗೆ ನಮಸ್ಕಾರ ಹೇಳ್ಲಿಲ್ಲ ಅನ್ಕೊಳ್ಳಿ..."

"ಹೇಳ್ಲಿಲ್ಲ ಅಂದ್ರೆ? ಗಂಜಿ ಹಾಕ್ತೀನಾ? ನನ್ನ ಮನೇಲಿ ಅದೆಲ್ಲ ನಡೆಯಲ್ಲ!"

"ಹಂಗಾದ್ರೆ ಮೊದ್ಲು ಇದನ್ನ ಸೇದ್ಲಿ, ಬಾಯಿ ಮುಕ್ಕಳಿಸ್ಲಿ, ಆಮೇಲೆ ಮಂಡಿಯೂರ್ಲಿ. ಸೇದ್ದೆ ಇರೋ ಬಾಯಿಂದ ಬಂದ ನಮಸ್ಕಾರ ನೀವು ತಗೋಬೇಡಿ. ಸಂಜೆನೂ ಅಷ್ಟೇ."

ಅಜ್ಜಿ ಎದ್ದು ಒಳಗೆ ಹೋಗಿ ಪೆಟ್ಟಿಗೆ ತೆಗೆದಳು.

ಆ ವರ್ಷ ಉಬ್ಬಸ ಕೆರಳಿಸುವ ಒಣಗಾಲದ ಕೆಂಧೂಳು ಎದ್ದಾಗ ನಾನು ತರಗತಿಗೆ ಕಾಲಿಟ್ಟೊಡನೆ ನಕ್ಕಾಜಿಯ ಜಾಗ ನೋಡುತ್ತಿದ್ದೆ. ಅವಳು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಒಂದು ಬೆಳಗ್ಗೆ ಅವರ ಅಂಗಳ ಹಾಯ್ದು ಹೋಗುವಾಗ ಕಂಡೆ: ಆಟದ ಅವಸರದಲ್ಲಿದ್ದ ಹುಡುಗಿ ಓಡಿಬಂದು ದಡಕ್ಕನೆ ಮಂಡಿಯೂರಿ ನಮಸ್ಕಾರ ಹೇಳಿದಳು. ಅಜ್ಜಿ ಮುಖ ಆಚೆ ತಿರುಗಿಸಿದಳು. ಹುಡುಗಿ ನಾಲಿಗೆ ಕಚ್ಚಿಕೊಂಡು ಬಾಟಲಿ ತರಲು ಒಳಗೋಡಿದಳು.

ಜನರನ್ನು ತಿದ್ದಲು ಹೊರಡುವವರು ಲೋಕದಲ್ಲಿ ಬಹಳ. ಸಿಸ್ಟರ್ ನಂತೇಜರಂಥವರು ಜನರಲ್ಲಿ ಮೊದಲೇ ಇರುವ ಹಠವನ್ನು ಹುಡುಕಿ, ಔಷಧಿಯನ್ನು ಅದರ ಕೈಗೆ ಕೊಟ್ಟು ಬರುತ್ತಾರೆ. ಕ್ರಮೇಣ ಅದು ಮನೆಯ ಪದ್ಧತಿಯಾಗಿ, ಕಲಿಸಿದವರು ಯಾರೆಂಬುದು ಮರೆತುಹೋಗುತ್ತದೆ. ಮಗು ಉಳಿಯುತ್ತದೆ.